ಅಡುಗೆಮನೆ ಪ್ರಶ್ನೋತ್ತರ: ಟಗರಿನ ಬೀಜ ಹುರಿಯುವ ಬಗೆ

ಪ್ರಶ್ನೆ: ಅಮೆರಿಕದ ಮೊಂಟಾನಾದಲ್ಲಿ ಓದುತ್ತಿರುವ ನನ್ನ ಅಣ್ಣನ ಮಗ ರಜೆಗೆ ಊರಿಗೆ ಬರುತ್ತಿದ್ದಾನೆ. ಅಲ್ಲಿನ ರಾಂಚ್‌ಗಳಲ್ಲಿ ಕರುಗಳ ಬೀಜವನ್ನು ಹಿಟ್ಟಿನಲ್ಲಿ ಹೊರಳಿಸಿ ಕರಿದು ಕೊಡುತ್ತಾರಂತೆ. ಅಂಥದ್ದನ್ನು ಇಲ್ಲಿ ಮಾಡಿಕೊಡಲು ಸಾಧ್ಯವೇ ಎಂದು ಕೇಳಿದ್ದಾನೆ. ಪಂದಿ ಕರಿ, ತಲೆಕಾಲು, ಬೋಟಿ ಎಲ್ಲವೂ ನಮ್ಮ ಮನೆಯಲ್ಲಿ ಆಗುತ್ತವೆ. ಟಗರಿನ ಬೀಜವನ್ನು ಒಮ್ಮೆ ಮಟನ್ ಜತೆ ಕುಕ್ಕರಿಗೆ ಹಾಕಿದಾಗ ಮೇಲೆಲ್ಲ ನಾರಾಗಿ, ಒಳಗೆ ಪುಡಿಪುಡಿಯಾಗಿ, ಯಾರೂ ತಿನ್ನಲಿಲ್ಲ. ಸರಿಯಾದ ಕ್ರಮವನ್ನು ತಿಳಿಸುವಿರಾ?
– ಓದುಗರೊಬ್ಬರು, ಸಿದ್ದಾಪುರ

ಉತ್ತರ: ನಿಮ್ಮ ಅಣ್ಣನ ಮಗ ಹೇಳಿದ್ದು ನಿಜ. ಅಮೆರಿಕದ ಪಶ್ಚಿಮ ಭಾಗದ ರಾಂಚ್‌ಗಳಲ್ಲಿ ವಸಂತಕಾಲದಲ್ಲಿ ಕರುಗಳನ್ನು ಒಟ್ಟುಗೂಡಿಸಿ ಬರೆ ಹಾಕಿ ಗುರುತು ಮಾಡುವ ದಿನವೇ ಗಂಡು ಕರುಗಳ ಬೀಜವನ್ನು ಚಾಕುವಿನಿಂದ ಕೊಯ್ದು ತೆಗೆಯುವ ರೂಢಿಯಿದೆ. ಹಾಗೆ ಬಕೆಟ್‌ಗಟ್ಟಲೆ ಸಿಗುವುದನ್ನು ಎಸೆಯದೆ ಸಿಪ್ಪೆ ಸುಲಿದು, ಉಪ್ಪುನೀರಿನಲ್ಲಿ ನೆನೆಸಿ, ತಟ್ಟಿ ಚಪ್ಪಟೆ ಮಾಡಿ, ಮೈದಾ ಮತ್ತು ಮೆಣಸಿನ ಪುಡಿಯಲ್ಲಿ ಹೊರಳಿಸಿ ಕರಿಯುತ್ತಾರೆ. ರಾಕಿ ಮೌಂಟನ್ ಆಯ್‌ಸ್ಟರ್ ಎಂಬ ಹೆಸರಿನಲ್ಲಿ ಡೆನ್ವರ್ ನಗರದ ಬೇಸ್‌ಬಾಲ್ ಕ್ರೀಡಾಂಗಣದಲ್ಲೂ ಅದನ್ನು ಮಾರುತ್ತಾರೆ. ನಮ್ಮಲ್ಲಿ ಹೋರಿಗೆ ಬೀಜ ಒಡೆಸುವಾಗ ಪಶುವೈದ್ಯರು ಬರ್ಡಿಝೋ ಇಕ್ಕಳದಿಂದ ಚರ್ಮವನ್ನು ಕೊಯ್ಯದೆಯೇ ಒಳಗಿನ ರಕ್ತನಾಳಗಳನ್ನು ಜಜ್ಜಿಬಿಡುತ್ತಾರೆ. ಬೀಜ ಇದ್ದಲ್ಲಿಯೇ ಕ್ರಮೇಣ ಬತ್ತುತ್ತದೆಯೇ ಹೊರತು ಬಾಣಲೆಯವರೆಗೆ ಬರುವಂಥದ್ದು ಏನೂ ಉಳಿಯುವುದಿಲ್ಲ. ಕರು, ಹೋರಿಗಳನ್ನು ಕಡಿಯುವುದಕ್ಕೆ 2020ರ ರಾಜ್ಯ ಕಾಯ್ದೆಯಲ್ಲಿ ಅವಕಾಶವೂ ಇಲ್ಲ. ಆದುದರಿಂದ ಟಗರಿನದ್ದನ್ನೋ ಎಳೆಯ ಹೋತದ್ದನ್ನೋ ತರಿಸಿಕೊಳ್ಳಿ. ಬಲಿತ ಹೋತದ್ದಕ್ಕೆ ಗಾಟು ವಾಸನೆ ಇರುವುದರಿಂದ ನಾನು ಟಗರಿನದ್ದನ್ನೇ ಒಳ್ಳೆಯದೆನ್ನುತ್ತೇನೆ.

ಮಟನ್ ಅಂಗಡಿಯವರಿಗೆ ಹಿಂದಿನ ದಿನವೇ ಹೇಳಿಟ್ಟು, ಕಡಿದ ದಿನವೇ ತಂದು, ಅಂದೇ ಮಾಡಬೇಕು. ಇದು ತೊಡೆ ಮಾಂಸದಂತೆ ಕಾಯುವ ವಸ್ತುವಲ್ಲ. ಒಳ್ಳೆಯದು ಮುಟ್ಟಿದರೆ ಬಿಗಿಯಾಗಿರುತ್ತದೆ, ಮೇಲ್ಮೈ ನಸುಗುಲಾಬಿ ಬಿಳಿಯಾಗಿದ್ದು ಅದರ ಮೇಲೆ ಸಣ್ಣ ರಕ್ತನಾಳಗಳು ಸ್ಪಷ್ಟವಾಗಿ ಕಾಣುತ್ತವೆ. ಜೋಡಿಯಲ್ಲಿ ಒಂದು ಊದಿಕೊಂಡಿದ್ದರೆ, ಗಂಟುಗಂಟಾಗಿದ್ದರೆ, ಕೊಯ್ದಾಗ ಕೀವಿನಂಥದ್ದು ಕಂಡರೆ ಎರಡನ್ನೂ ಬಿಟ್ಟುಬಿಡಿ. ಕುರಿ, ಆಡುಗಳಿಗೆ ಬರುವ ಬ್ರುಸೆಲ್ಲೋಸಿಸ್ ರೋಗದ ಸೂಕ್ಷ್ಮಾಣು ನೆಲೆಸುವ ಅಂಗಗಳಲ್ಲಿ ಇದೂ ಒಂದು, ಮತ್ತು ಅದು ಮನುಷ್ಯರಿಗೂ ತಗಲುತ್ತದೆ. ಚೆನ್ನಾಗಿ ಬೇಯಿಸಿದರೆ ಅದು ಸಾಯುತ್ತದೆ. ಅಪಾಯವಿರುವುದು ಹಸಿಯಾಗಿ ಕೊಯ್ಯುವಾಗ. ಕೈಯಲ್ಲಿ ಗಾಯವಿದ್ದವರು ಕೈಗವಸು ಹಾಕಿಕೊಳ್ಳದೆ ಈ ಕೆಲಸಕ್ಕೆ ಕೂರಬಾರದು.

ನಿಮ್ಮ ಅಡುಗೆ ಕೆಟ್ಟದ್ದಕ್ಕೆ ಸಿಪ್ಪೆಯೇ ಮುಖ್ಯ ಕಾರಣ. ಬೀಜದ ಮೇಲೆ ಎರಡು ಪದರಗಳಿರುತ್ತವೆ. ಹೊರಗಿನದು ತೆಳುವಾಗಿ, ಸಡಿಲವಾಗಿ, ಬೆರಳಿನಿಂದ ಎಳೆದರೆ ಬರುತ್ತದೆ. ಹೆಚ್ಚಿನವರು ಅಷ್ಟಕ್ಕೇ ಮುಗಿಯಿತೆಂದುಕೊಳ್ಳುತ್ತಾರೆ. ಅದರ ಕೆಳಗೆ ಬಿಳಿಯ ಗಟ್ಟಿ ಪೊರೆಯೊಂದು ಒಳಗಿನ ಮಾಂಸಕ್ಕೆ ಬಿಗಿಯಾಗಿ ಅಂಟಿಕೊಂಡಿರುತ್ತದೆ, ಬಿಸಿ ತಾಗಿದೊಡನೆ ಮುದುಡಿ ನಾರಾಗುವುದು ಇದೇ. ಇಡೀ ಬೀಜವನ್ನು ಇದರ ಸಮೇತ ಕಾದ ಎಣ್ಣೆಗೆ ಹಾಕಿದರೆ ಒಳಗಿನ ನೀರು ಹಬೆಯಾಗಿ ಸಿಡಿದು ಮುಖಕ್ಕೂ ಹಾರಬಹುದು. ಫ್ರೀಜರಿನಲ್ಲಿ ಮುಕ್ಕಾಲು ಗಂಟೆ ಇಟ್ಟು, ಅರ್ಧ ಗಟ್ಟಿಯಾದ ಮೇಲೆ ಚಾಕುವಿನ ತುದಿಯಿಂದ ಉದ್ದಕ್ಕೆ ಪೊರೆಯಷ್ಟೇ ಸೀಳುವಂತೆ ಒಂದು ಗೀರು ಎಳೆಯಿರಿ. ಸೀಳಿನ ಅಂಚನ್ನು ಒಂದು ಕೈಯ ಹೆಬ್ಬೆರಳಿನಿಂದ ಹಿಡಿದು, ಇನ್ನೊಂದು ಕೈಯಿಂದ ಹಿಂದಿನಿಂದ ಮೆಲ್ಲಗೆ ಒತ್ತಿದರೆ ಒಳಗಿನ ನಸುಹಳದಿ ಮಾಂಸ ಒಡೆಯದೆ ಇಡಿಯಾಗಿ ಜಾರಿ ಹೊರಬರುತ್ತದೆ. ಒಂದು ಪಕ್ಕಕ್ಕೆ ಅಂಟಿಕೊಂಡಿರುವ ಸುರುಳಿಯಂಥ ಭಾಗವನ್ನೂ ಬಳ್ಳಿಯನ್ನೂ ಕತ್ತರಿಸಿ ಎಸೆಯಿರಿ, ಅವು ಎಷ್ಟು ಬೆಂದರೂ ಮೆದುವಾಗುವುದಿಲ್ಲ.

ಆಮೇಲೆ ಅರ್ಧ ಇಂಚು ದಪ್ಪದ ಬಿಲ್ಲೆಗಳಾಗಿ ಕೊಯ್ದು, ಉಪ್ಪು ಹಾಕಿದ ತಣ್ಣೀರಿನಲ್ಲಿ ಒಂದು ಗಂಟೆ ಇಟ್ಟು, ನಡುವೆ ಒಮ್ಮೆ ನೀರು ಬದಲಿಸಿದರೆ ರಕ್ತ ಬಿಟ್ಟು ವಾಸನೆ ತಗ್ಗುತ್ತದೆ. ತೆಗೆದ ಮೇಲೆ ಬಟ್ಟೆಯಲ್ಲಿ ಒತ್ತಿ ಒರೆಸುವುದನ್ನು ಮಾತ್ರ ಮರೆಯಬೇಡಿ. ಅರ್ಧ ಕಿಲೋಗೆ ಕಾಲು ಚಮಚ ಅರಿಸಿನ, ಒಂದು ದೊಡ್ಡ ಚಮಚ ತರಿತರಿಯಾಗಿ ಕುಟ್ಟಿದ ಕರಿಮೆಣಸು, ಒಂದು ಚಮಚ ಶುಂಠಿ ಬೆಳ್ಳುಳ್ಳಿ ಮತ್ತು ಉಪ್ಪು ಸವರಿ ಕಾಲು ಗಂಟೆ ಬಿಟ್ಟು, ಹುರಿಯುವ ಮುನ್ನ ಅಕ್ಕಿ ಹಿಟ್ಟಿನಲ್ಲಿ ಎರಡೂ ಮೈ ಒತ್ತಿ ತೆಗೆಯಿರಿ. ದಪ್ಪ ತಳದ ಕಾವಲಿಯಲ್ಲಿ ಎಣ್ಣೆಯನ್ನೋ, ಮನೆಯಲ್ಲಿದ್ದರೆ ಹಂದಿಯ ಕೊಬ್ಬನ್ನೋ ಕಾಯಿಸಿ, ಬಿಲ್ಲೆಗಳನ್ನು ಒಂದಕ್ಕೊಂದು ತಾಗದಂತೆ ಇಟ್ಟು, ಪ್ರತಿ ಮೈಗೆ ಮೂರು ನಾಲ್ಕು ನಿಮಿಷ ಬಿಡಬೇಕು. ಒಂದನ್ನು ಮುರಿದು ನೋಡಿದರೆ ನಡುವೆ ಗುಲಾಬಿ ಬಣ್ಣವಾಗಲಿ ನೀರಾಗಲಿ ಇರಬಾರದು; ಥರ್ಮಾಮೀಟರ್ ಇದ್ದರೆ ಒಳಗೆ 71 ಡಿಗ್ರಿ ಸೆಲ್ಸಿಯಸ್ ದಾಟಿರಬೇಕು. ಅಲ್ಲಿಗೆ ಇಳಿಸಿಬಿಡಿ. ಕುಕ್ಕರಿನಲ್ಲಿ ಆದದ್ದು ಇದೇ: ಮಟನ್ ಬೇಯುವಷ್ಟು ಹೊತ್ತು ಇದನ್ನೂ ಬೇಯಿಸಿದರೆ ಒಳಗಿನ ತೇವವೆಲ್ಲ ಹೊರಟುಹೋಗಿ ಪುಡಿಯಾಗುತ್ತದೆ.

ಕಾಚಂಪುಳಿಯನ್ನು (ಕೊಡಗಿನ ಅಡುಗೆಯ ಗಟ್ಟಿ ಕಪ್ಪು ಹುಳಿರಸ) ಮಸಾಲೆಯ ಜತೆ ಮೊದಲೇ ಸವರುವವರಿದ್ದಾರೆ. ಪಂದಿ ಕರಿಯಲ್ಲಿಯೂ ಅದು ಕೊನೆಗೆ ಬೀಳುವ ವಸ್ತು ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಇಲ್ಲಿ ಮೊದಲೇ ಹಾಕಿದರೆ ಬಿಲ್ಲೆಗಳ ಮೇಲ್ಮೈ ಗಟ್ಟಿಯಾಗುವುದಲ್ಲದೆ ಅದು ಕಾವಲಿಯಲ್ಲಿ ಹತ್ತಿಕೊಂಡು ಕಹಿಯಾಗುತ್ತದೆ; ಒಲೆ ಆರಿಸಿದ ಮೇಲೆ ಅರ್ಧ ಚಮಚವನ್ನು ಸ್ವಲ್ಪ ಬಿಸಿನೀರಿನಲ್ಲಿ ಕದಡಿ ಚಿಮುಕಿಸಿದರೆ ಸಾಕು. ಅಮೆರಿಕದ ಬಗೆಯೇ ಬೇಕೆಂದು ಹುಡುಗ ಹಟ ಹಿಡಿದರೆ ಬಿಲ್ಲೆಗಳನ್ನು ಹಾಲು ಮೊಟ್ಟೆಯಲ್ಲಿ ಅದ್ದಿ, ಮೈದಾ ಮತ್ತು ಜೋಳದ ಹಿಟ್ಟಿನಲ್ಲಿ ಹೊರಳಿಸಿ, ಮುಳುಗುವಷ್ಟು ಎಣ್ಣೆಯಲ್ಲಿ ಕರಿಯಿರಿ. ಇದರ ರುಚಿ ಬಹಳ ಸೌಮ್ಯ. ಮಿದುಳಿಗಿಂತ ಗಟ್ಟಿ, ಲಿವರಿಗಿಂತ ಮೆದು. ದಪ್ಪ ಹಿಟ್ಟಿನ ಹೊದಿಕೆಯಲ್ಲಿ ತಿಂದದ್ದು ಏನೆಂದೇ ತಿಳಿಯುವುದಿಲ್ಲ, ಆದ್ದರಿಂದ ಕರಿಮೆಣಸಿನ ಬಗೆಯನ್ನು ಬಿಸಿ ಅಕ್ಕಿ ರೊಟ್ಟಿಯ ಜತೆ ಮೊದಲು ಬಡಿಸಿ ನೋಡಿ.

ಪ್ರಶ್ನೆ: ನಾವು ಮನೆಯ ಹಿಂದೆ ಹಂದಿ ಸಾಕುತ್ತೇವೆ. ಗಂಡು ಮರಿಗಳ ಬೀಜ ತೆಗೆಸಿದಾಗ ಅದನ್ನು ನಾಯಿಗೆ ಹಾಕುತ್ತೇವೆ. ಅದನ್ನು ನಾವೇ ತಿನ್ನಬಹುದೇ?
– ಓದುಗರೊಬ್ಬರು, ಪೊನ್ನಂಪೇಟೆ

ಉತ್ತರ: ರಾಂಚ್‌ನ ರೂಢಿಗೆ ಕೊಡಗಿನಲ್ಲಿ ತೀರ ಹತ್ತಿರವಿರುವುದು ನಿಮ್ಮ ಹಟ್ಟಿಯೇ. ಹಂದಿಯ ಬೀಜ ಜೋತುಬೀಳದೆ ಮೈಗೆ ಅಂಟಿಕೊಂಡೇ ಇರುವುದರಿಂದ ಅಲ್ಲಿ ಬರ್ಡಿಝೋ ನಡೆಯದು, ಕೊಯ್ದೇ ತೆಗೆಯಬೇಕು. ತೆಗೆಯದಿದ್ದರೆ ಬಲಿತ ಮೇಲೆ ಆಂಡ್ರೊಸ್ಟೆನೋನ್ ಮತ್ತು ಸ್ಕಾಟೋಲ್ ಎಂಬ ಪದಾರ್ಥಗಳು ಕೊಬ್ಬಿನಲ್ಲಿ ಸೇರಿ ಬೇಯುವಾಗ ಮೂತ್ರದಂಥ ನಾತ ಬರುತ್ತದೆ. ಎಳೆಯ ಮರಿಗಳದ್ದು ಚಿಕ್ಕದಾದರೂ ತಿನ್ನಲು ಅಡ್ಡಿಯಿಲ್ಲ. ಆದರೆ ಪಶುವೈದ್ಯರು ಅರಿವಳಿಕೆ ಅಥವಾ ಬೇರೆ ಚುಚ್ಚುಮದ್ದು ಕೊಟ್ಟಿದ್ದರೆ (ಕೊಡಿಸುವುದೇ ಸರಿಯಾದ ಕ್ರಮ) ಅದನ್ನು ಅಡುಗೆಗೆ ಬಳಸಬಾರದು, ಹೂಳಿಬಿಡಿ. ಬಲಿತ ಗಂಡು ಹಂದಿಯದ್ದನ್ನು ಯಾವ ಮಸಾಲೆಯೂ ಸರಿಪಡಿಸಲಾರದು. ನಾಯಿಗೆ ಹಸಿಯಾಗಿ ಹಾಕುವುದನ್ನಂತೂ ನಿಲ್ಲಿಸಿ, ಏಕೆಂದರೆ ಹಂದಿಗಳ ಬ್ರುಸೆಲ್ಲೋಸಿಸ್ ಹಾಗೆಯೇ ನಾಯಿಗೆ, ಅಲ್ಲಿಂದ ಮನೆಯವರಿಗೆ ದಾಟಬಹುದು.

ಪ್ರಶ್ನೆ: ಟಗರಿನ ಬೀಜ ತಿಂದರೆ ಗಂಡಸರಿಗೆ ಶಕ್ತಿ ಹೆಚ್ಚುತ್ತದೆ ಎನ್ನುತ್ತಾರೆ. ವಾರಕ್ಕೆ ಎಷ್ಟು ಸಲ ತಿನ್ನಬೇಕು?
– ಓದುಗರೊಬ್ಬರು, ಕುಶಾಲನಗರ

ಉತ್ತರ: ಆ ಲೆಕ್ಕದಲ್ಲಿ ಒಂದು ಸಲವೂ ಬೇಕಾಗಿಲ್ಲ. ಬೀಜ ಟೆಸ್ಟೋಸ್ಟೆರೋನನ್ನು ಉತ್ಪಾದಿಸುತ್ತದೆಯೇ ಹೊರತು ಕೂಡಿಡುವುದಿಲ್ಲ. ಅಲ್ಪಸ್ವಲ್ಪ ಉಳಿದಿದ್ದರೂ ಬಾಯಿಯ ಮೂಲಕ ಹೋದದ್ದರ ಬಹುಪಾಲನ್ನು ನಮ್ಮ ಯಕೃತ್ತು ಒಡೆದುಹಾಕುತ್ತದೆ. ಇದರಲ್ಲಿ ಸಿಗುವುದು ಒಳ್ಳೆಯ ಪ್ರೋಟೀನ್, ಅದರ ಜತೆಗೆ ಸಾಕಷ್ಟು ಕೊಲೆಸ್ಟರಾಲ್. ರುಚಿಗಾಗಿ ಆಗೊಮ್ಮೆ ಈಗೊಮ್ಮೆ ತಿನ್ನುವುದಕ್ಕೆ ಅಭ್ಯಂತರವಿಲ್ಲ. ಯೂರಿಕ್ ಆಮ್ಲ ಹೆಚ್ಚಾಗಿ ಕಾಲ್ಬೆರಳಿನ ಕೀಲು ಊದುವವರಿಗೆ ವೈದ್ಯರು ಲಿವರ್, ಬೋಟಿಗಳನ್ನು ಬಿಡಿಸಿದ್ದರೆ ಇದನ್ನೂ ಅದೇ ಪಟ್ಟಿಗೆ ಸೇರಿಸಿಕೊಳ್ಳಿ.