ಗ್ರಾಫೀನ್‌ಗೆ ಲೋಹ ಸೇರಿಸಿದರೆ ಆಯಸ್ಕಾಂತ ಆಗುತ್ತಾ?

ಪ್ರಶ್ನೆ: ಗ್ರಾಫೀನ್ ಬರೀ ಇಂಗಾಲದ ಒಂದು ಪದರ. ಅದರ ಮೇಲೆ ಕಬ್ಬಿಣ, ಕೋಬಾಲ್ಟ್ ಪರಮಾಣು ಕೂರಿಸಿದರೆ ಅದು ಆಯಸ್ಕಾಂತ ಆಗುತ್ತಾ? ಅದರಿಂದ ಏನು ಉಪಯೋಗ?

ಉತ್ತರ: ಕಾಂತೀಯತೆ ಬರುತ್ತದೆ. ಆದರೆ ಸುಮ್ನೆ ಉದುರಿಸಿದರೆ ಆಯಸ್ಕಾಂತ ಆಗಿಬಿಡುವುದಿಲ್ಲ.

ಉಪಯೋಗ ಸ್ಪಿಂಟ್ರಾನಿಕ್ಸ್ ಎಂಬ ತಂತ್ರಜ್ಞಾನದಲ್ಲಿ. ಅಲ್ಲಿ ಮಾಹಿತಿ ಹೊರುವುದು ಎಲೆಕ್ಟ್ರಾನಿನ ಸ್ಪಿನ್, ಅಂದರೆ ಅದನ್ನು ಪುಟ್ಟ ಆಯಸ್ಕಾಂತದಂತೆ ಮಾಡುವ ಗುಣ. ಗ್ರಾಫೀನ್‌ನಲ್ಲಿ ಈ ಸ್ಪಿನ್ ದಿಕ್ಕು ಕೆಡದೆ ಹಲವು ಮೈಕ್ರೋಮೀಟರ್ ಸಾಗುತ್ತದೆ. ಕೊರತೆ ಒಂದೇ, ಅದಕ್ಕೆ ಸ್ವಂತ ಕಾಂತೀಯತೆ ಇಲ್ಲ. ಅದಕ್ಕೇ ಲೋಹ ಬೇಕು.

ನಾನು ಇಂಥ ಲೆಕ್ಕಗಳನ್ನು ಕಂಪ್ಯೂಟರಿನಲ್ಲಿ ಮಾಡುವವಳು. ನನಗೆ ತುಂಬಾ ಹಿಡಿಸುವ ಸಂಗತಿ ಇದು: ಒಂಟಿ ಕೋಬಾಲ್ಟ್ ಪರಮಾಣುವಿನಲ್ಲಿ ಜೋಡಿಯಿಲ್ಲದ ಎಲೆಕ್ಟ್ರಾನ್ 3. ಅದರ ಕಾಂತೀಯತೆ ಬರುವುದು ಇವುಗಳಿಂದಲೇ. ಅದು ಗ್ರಾಫೀನ್‌ನ ಆರು ಮೂಲೆಯ ಕೋಣೆಯ ನಡುವೆ ಕೂತರೆ, ಹೊರಗಿನ ಎಸ್ ಎಂಬ ಕಕ್ಷೆಯ ಎಲೆಕ್ಟ್ರಾನುಗಳು ಒಳಗಿನ ಡಿ ಎಂಬ ಕಕ್ಷೆಗೆ ಸರಿಯುತ್ತವೆ. ಅಲ್ಲಿ ಜೋಡಿ ಸಿಗುತ್ತದೆ. ಕಾಂತೀಯತೆ ಸುಮಾರು 1 ಜೋಡಿಯಿಲ್ಲದ ಎಲೆಕ್ಟ್ರಾನಿನಷ್ಟಕ್ಕೆ ಇಳಿಯುತ್ತದೆ! ಕಬ್ಬಿಣದಲ್ಲಿ 4 ಇದ್ದದ್ದು ಸುಮಾರು 2 ಆಗುತ್ತದೆ. ಅಂದರೆ ಲೋಹ ಯಾವುದು ಅನ್ನುವಷ್ಟೇ ಅದು ಎಲ್ಲಿ ಕೂತಿದೆ ಅನ್ನುವುದೂ ಮುಖ್ಯ, ಅಲ್ವಾ?

ನಿಜವಾದ ತೊಂದರೆ ಪ್ರಯೋಗದಲ್ಲಿ. ಪರಮಾಣುಗಳು ನುಣುಪಾದ ಹಾಳೆಯ ಮೇಲೆ ಜಾರಿ ಗುಂಪುಗೂಡುತ್ತವೆ. ಇಂಗಾಲ ಕಿತ್ತುಹೋದ ಖಾಲಿ ಜಾಗದಲ್ಲಾದರೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತವೆ. ನನ್ನ ಭರವಸೆ ಜಾಸ್ತಿ ಇರುವುದು ಈ ದಾರಿಯ ಮೇಲೆ. ಗ್ರಾಫೀನ್ ಬಿಟ್ಟು ಬೇರೆ ವಸ್ತುವಿನ ದಾರಿಯೂ ಇದೆ: 2017ರಲ್ಲಿ ಕ್ರೋಮಿಯಂ ಅಯೋಡೈಡ್‌ನ ಒಂದೇ ಪದರ ತಾನಾಗಿಯೇ ಆಯಸ್ಕಾಂತ ಎಂದು ಗೊತ್ತಾಯಿತು. ಆದರೆ ಅದಕ್ಕೆ ಸುಮಾರು 45 ಕೆಲ್ವಿನ್‌ಗಿಂತ (ಮೈನಸ್ 228 ಡಿಗ್ರಿ ಸೆಲ್ಸಿಯಸ್) ಕಡಿಮೆ ತಾಪ ಬೇಕು.