ಡೋಸ್ ಡಬಲ್ ಮಾಡೋ ಮುಂಚೆ ಹೊಲದಲ್ಲಿ ಒಂದ್ಸಲ ಬಗ್ಗಿ ನೋಡಿ

ಪ್ರಶ್ನೆ: ಸರ್, ನಾಲ್ಕೈದು ವರ್ಷದಿಂದ ಒಂದೇ ಕಳೆ ಔಷಧಿ ಹೊಡೀತಾ ಇದೀನಿ. ಮೊದಮೊದ್ಲು ಹುಲ್ಲೆಲ್ಲ ಒಣಗಿ ಬಿದ್ದೋಗ್ತಿತ್ತು, ಈ ಸಲ ಅರ್ಧಕ್ಕರ್ಧ ಹಂಗೇ ನಿಂತಿದೆ. ಒಬ್ರು ಡೋಸ್ ಡಬಲ್ ಮಾಡಿ ಅಂತಾರೆ, ಇನ್ನೊಬ್ರು ಕಳೆಗೆ ರೆಸಿಸ್ಟೆನ್ಸ್, ಅಂದ್ರೆ ಔಷಧಿ ತಡ್ಕೊಳೋ ಶಕ್ತಿ ಬಂದಿದೆ ಅಂತಾರೆ. ಯಾರ ಮಾತು ಕೇಳ್ಲಿ?

ಉತ್ತರ: ಸದ್ಯಕ್ಕೆ ಇಬ್ರದ್ದೂ ಬೇಡ. ಹೊಲಕ್ಕೆ ಹೋಗಿ, ಉಳಿದಿರೋ ಕಳೆ ಯಾವ ಥರ ಉಳಿದಿದೆ ಅಂತ ಬಗ್ಗಿ ನೋಡಿ. ಉದ್ದುದ್ದಕ್ಕೆ ಪಟ್ಟಿ ಪಟ್ಟಿಯಾಗಿ ಉಳಿದಿದ್ರೆ ನಾಜಲ್ ಕಟ್ಕೊಂಡಿತ್ತು, ಇಲ್ಲಾ ನಡೆಯೋವಾಗ ಜಾಗ ಬಿಟ್ಟಿದೀರಿ. ನಾಲ್ಕೈದು ಜಾತಿ ಕಳೆನೂ ಒಟ್ಟಿಗೆ ಉಳಿದಿದ್ರೆ ಸ್ಪ್ರೇ ಮಾಡಿದ್ರಲ್ಲೇ ಎಡವಟ್ಟಾಗಿದೆ. ಉಳಿದಿರೋದೆಲ್ಲ ಎರಡೆಲೆ ಪುಟಾಣಿ ಸಸಿ ಆಗಿದ್ರೆ ಅವು ಹೊಡೆದ ಮೇಲೆ ಹುಟ್ಟಿದ್ದು, ಅವಕ್ಕೆ ಔಷಧಿ ತಾಕೇ ಇಲ್ಲ.

ಆದ್ರೆ ಬೇರೆ ಜಾತಿ ಎಲ್ಲ ಸತ್ತು ಒಂದೇ ಜಾತಿ ಉಳಿದಿದೆ, ಅದ್ರಲ್ಲೂ ಒಂದು ಗಿಡ ಕಂದಾಗಿ ಮುದುಡಿ ಬಿದ್ದಿದೆ, ಗೇಣು ದೂರದಲ್ಲಿ ಅದೇ ಜಾತಿದು ಅಷ್ಟೇ ಎತ್ತರದ್ದು ಏನೂ ಆಗೇ ಇಲ್ಲ ಅನ್ನೋ ಥರ ಹಸಿರಾಗಿ ನಿಂತಿದೆ ಅಂದ್ರೆ ಆವಾಗ ಎದೆ ಧಸಕ್ ಅನ್ಬೇಕು. ಹೋದ ವರ್ಷ ಮೂಲೆಲಿ ಚಾಪೆಯಷ್ಟು ಅಗಲ ಇದ್ದಿದ್ದು ಈ ವರ್ಷ ಕಣದಷ್ಟು ಅಗಲ ಆಗಿದ್ರಂತೂ ರೆಸಿಸ್ಟೆನ್ಸ್ ಅನುಮಾನ ಇನ್ನೂ ಗಟ್ಟಿ.

ಗಟ್ಟಿ ಮಾಡ್ಕೊಳಕ್ಕೆ ಒಂದು ಸಣ್ಣ ಪರೀಕ್ಷೆ ಇದೆ. ಬದುಕಿದ ಗಿಡದ ಬೀಜ ಒಂದಿಷ್ಟು, ಔಷಧಿ ಯಾವತ್ತೂ ಬೀಳದ ಜಾಗದಿಂದ ಅದೇ ಕಳೆದು ಬೀಜ ಒಂದಿಷ್ಟು ತಗೊಂಡು ಬೇರೆಬೇರೆ ಕುಂಡದಲ್ಲಿ ಹಾಕಿ, ಎರಡು ಮೂರು ಎಲೆ ಬಂದಾಗ ಎರಡಕ್ಕೂ ಲೇಬಲ್ ಡೋಸನ್ನೇ ಹೊಡೀರಿ. ಮೂರು ವಾರಕ್ಕೆ ಔಷಧಿ ಬೀಳದ ಜಾಗದ್ದು ಸತ್ತು ನಿಮ್ಮ ಹೊಲದ್ದು ಚಿಗುರಿದ್ರೆ ಅನುಮಾನ ನಿಜ ಅಂತ್ಲೇ ಇಟ್ಕೊಳ್ಳಿ. ಬೀಜ ಬೇಕಾಗಿರೋದು ಒಂದು ಹಿಡಿ ಅಷ್ಟೇ, ಉಳಿದಿದ್ದು ಹೊಲದಲ್ಲಿ ಉದುರಕ್ಕೆ ಬಿಡಬೇಡಿ.

ತುಂಬಾ ಜನ ಔಷಧಿ ಕುಡಿದೂ ಕುಡಿದೂ ಕಳೆಗೆ ಅಭ್ಯಾಸ ಆಗೋಯ್ತು ಅಂದ್ಕೋತಾರೆ, ಹಂಗಲ್ಲ. ಲಕ್ಷಾಂತರ ಗಿಡದಲ್ಲಿ ಎಲ್ಲೋ ಒಂದೆರಡಕ್ಕೆ ಆ ಔಷಧಿ ತಡ್ಕೊಳೋ ಗುಣ ಮೊದ್ಲೇ ಇರುತ್ತೆ, ನೀವು ಪ್ರತಿ ವರ್ಷ ಅದೇ ಹೊಡೆದು ಉಳಿದವನ್ನೆಲ್ಲ ಕೊಂದು ಇವಕ್ಕೆ ಜಾಗ ಖಾಲಿ ಮಾಡಿ ಕೊಡ್ತೀರಿ, ಅದು ಬೀಜ ಉದುರಿಸುತ್ತೆ, ಮುಂದಿನ ವರ್ಷ ಅದರ ಮಕ್ಕಳೇ ಹೊಲದ ತುಂಬ. ಗೋಧಿ ಹೊಲದ ಗುಲ್ಲಿ ಡಂಡಾ ಅನ್ನೋ ಹುಲ್ಲಿನ ಕಥೆ ಇದೇ. ಪಂಜಾಬ್, ಹರಿಯಾಣದಲ್ಲಿ ವರ್ಷವಿಡೀ ಭತ್ತ ಗೋಧಿ, ಭತ್ತ ಗೋಧಿ, ಗೋಧಿಗೆ ಐಸೊಪ್ರೊಟ್ಯುರಾನ್ ಅನ್ನೋ ಕಳೆ ಔಷಧಿ ಒಂದೇ. 1990ರ ದಶಕದ ಶುರುವಲ್ಲಿ ಅದು ಕೈಕೊಡ್ತು. ಬೇರೆ ಔಷಧಿ ಬಂದ್ವು, ಅವನ್ನೂ ಒಂದೊಂದನ್ನೇ ನಂಬ್ಕೊಂಡು ಹೊಡೆದ್ರು, ಮುಂದೆ ಅವಕ್ಕೂ ಅದು ಬಗ್ಗಲಿಲ್ಲ. ಗ್ಲೈಫೋಸೇಟ್ ಅನ್ನೋ ಕಳೆ ಔಷಧಿಗೆ ರೆಸಿಸ್ಟೆನ್ಸ್ ಬರೋದೇ ಇಲ್ಲ ಅಂತ ನಂಬಿದ್ದ ಕಾಲ ಇತ್ತು, 1996ರಲ್ಲಿ ಆಸ್ಟ್ರೇಲಿಯಾದ ರೈಗ್ರಾಸ್ ಅನ್ನೋ ಹುಲ್ಲು ಆ ನಂಬಿಕೆನೂ ಮುರೀತು.

ಹಂಗಾಗಿ ಬರೀ ಡಬ್ಬಿ ಬದಲಾಯಿಸಿದ್ರೆ ಸಾಲಲ್ಲ. ಹೆಸರು ಬೇರೆ ಇದ್ರೂ ಕೊಲ್ಲೋ ದಾರಿ ಒಂದೇ ಇರಬಹುದು. ಒಂದೇ ದಾರಿಲಿ ಕೊಲ್ಲೋ ಔಷಧಿಗಳನ್ನ ಒಂದು ಗುಂಪು ಮಾಡಿ ನಂಬರ್ ಕೊಟ್ಟಿದಾರೆ. ಕ್ವಿಜಾಲೋಫಾಪ್, ಫೆನಾಕ್ಸಾಪ್ರಾಪ್, ಕ್ಲೆಥೋಡಿಮ್ ಮೂರೂ 1ನೇ ಗುಂಪು. ಬಿಸ್‌ಪಿರಿಬ್ಯಾಕ್, ಇಮಾಜೆಥಾಪಿರ್, ಮೆಟ್‌ಸಲ್ಫ್ಯೂರಾನ್ ಮೂರೂ 2ನೇ ಗುಂಪು. ಈ ಎರಡು ಗುಂಪಿಗೆ ರೆಸಿಸ್ಟೆನ್ಸ್ ಬೇಗ ಬರುತ್ತೆ. ಡಬ್ಬಿ ಮೇಲಿನ ಬ್ರ್ಯಾಂಡ್ ಬಿಟ್ಟು ಒಳಗಿರೋ ಔಷಧಿ ಹೆಸರು ಓದಿ, ಗುಂಪಿನ ನಂಬರ್ ಬರೆದಿದ್ರೆ ಅದನ್ನೂ ಓದಿ, ಯಾವ ವರ್ಷ ಯಾವ ಹೊಲಕ್ಕೆ ಯಾವ ಗುಂಪು ಅಂತ ಒಂದು ನೋಟ್‌ಬುಕ್ಕಲ್ಲಿ ಬರೆದಿಡಿ. ನೆನಪಿರುತ್ತೆ ಬಿಡಿ ಅಂದವ್ರಿಗೆ ಯಾರಿಗೂ ನೆನಪಿರಲ್ಲ.

ಈ ವರ್ಷದ ಮಟ್ಟಿಗೆ ಡೋಸ್ ಡಬಲ್ ಮಾಡಬೇಡಿ. ನಿಜವಾಗ್ಲೂ ರೆಸಿಸ್ಟೆನ್ಸ್ ಇದ್ರೆ ಡಬಲ್‌ಗೂ ಸಾಮಾನ್ಯವಾಗಿ ಬಗ್ಗಲ್ಲ, ಬೆಳೆ ಮಾತ್ರ ಸುಡುತ್ತೆ. ಪರೀಕ್ಷೆಯ ಬೀಜಕ್ಕೆ ಅಂತ ಒಂದೆರಡು ಗಿಡ ಬಿಟ್ಟು, ಉಳಿದಿದ್ದನ್ನೆಲ್ಲ ಹೂ ಬಿಡೋ ಮುಂಚೆ ಕಿತ್ತು ಹೊಲದಿಂದ ಆಚೆ ಹಾಕಿ. ಸಾಲಿನ ಮಧ್ಯ ಜಾಗ ಇದ್ರೆ ಎಡೆಕುಂಟೆ ಹೊಡೀರಿ. ಕುಂಟೆಗೆ ರೆಸಿಸ್ಟೆನ್ಸ್ ಬಂದಿದ್ದು ನಾನಂತೂ ಇನ್ನೂ ನೋಡಿಲ್ಲ. ಮುಂದಿನ ಸಲ ಬಿತ್ತನೆಗೆ ಮುಂಚೆ ಭೂಮಿ ಹದ ಮಾಡಿ, ನೀರು ಕೊಟ್ಟು ಅಥವಾ ಮಳೆ ಬಿದ್ಮೇಲೆ ಎರಡು ವಾರ ಸುಮ್ನೆ ಬಿಡಿ, ಹುಟ್ಟಿದ ಕಳೆನೆಲ್ಲ ಮೇಲ್‌ಮೇಲೆ ಹರಗಿ ಆಮೇಲೆ ಬಿತ್ತಿ. ಆಳವಾಗಿ ಉತ್ರೆ ಕೆಳಗಿರೋ ಹಳೇ ಬೀಜ ಮೇಲೆ ಬಂದು ಇನ್ನೊಂದು ಪೈರೇ ಏಳುತ್ತೆ.

ಪ್ರಶ್ನೆ: ಸ್ಪ್ರೇ ಕ್ಯಾನಿಗೆ ಒಂದು ಮುಚ್ಚಳ ಔಷಧಿ ಅಂತ ಹಾಕ್ತೀವಿ. ಖರ್ಚು ಉಳಿಯಲಿ ಅಂತ ಕೆಲವು ಸಲ ಸ್ವಲ್ಪ ಕಮ್ಮಿನೂ ಹಾಕ್ತೀವಿ. ತೊಂದ್ರೆ ಇದ್ಯಾ?

ಉತ್ತರ: ಇದೆ, ಅದೂ ದೊಡ್ಡದು. ಅರೆಬರೆ ಡೋಸಿಗೆ ಸ್ವಲ್ಪ ಗಟ್ಟಿ ಇರೋ ಗಿಡ ಬದುಕುತ್ತೆ, ಅಂಥವು ಅಂಥವಕ್ಕೇ ಪರಾಗ ಆಗಿ ವರ್ಷದಿಂದ ವರ್ಷಕ್ಕೆ ಇನ್ನೂ ಗಟ್ಟಿ ತಳಿ ಆಗ್ತಾ ಹೋಗುತ್ತೆ. ಲೇಬಲ್ ಡೋಸ್ ಇರೋದು ಎಕರೆಗೋ ಹೆಕ್ಟೇರಿಗೋ ಹೊರತು ಮುಚ್ಚಳಕ್ಕಲ್ಲ. ಒಂದ್ಸಲ ಅಳೆದು ನೋಡಿ: 10 ಮೀಟರ್‌ಗೆ 10 ಮೀಟರ್ ಜಾಗ ಗುರುತು ಹಾಕಿ, ಟ್ಯಾಂಕಿಗೆ ಬರೀ ನೀರು ತುಂಬ್ಕೊಂಡು, ದಿನಾ ನಡೆಯೋ ಸ್ಪೀಡಲ್ಲೇ ನಡೆದು ಸಿಂಪಡಿಸಿ, ಎಷ್ಟು ನೀರು ಖರ್ಚಾಯ್ತು ನೋಡಿ. 4 ಲೀಟರ್ ಆಯ್ತು ಅಂದ್ರೆ ಎಕರೆಗೆ ಸುಮಾರು 160 ಲೀಟರ್, 16 ಲೀಟರ್ ಟ್ಯಾಂಕಲ್ಲಿ 10 ಟ್ಯಾಂಕ್. ಲೇಬಲ್ಲಲ್ಲಿ ಎಕರೆಗೆ 1 ಲೀಟರ್ ಅಂತಿದ್ರೆ ಟ್ಯಾಂಕಿಗೆ 100 ಎಂಎಲ್. ನಿಮ್ಮ ಮುಚ್ಚಳದಲ್ಲಿ ಎಷ್ಟು ಹಿಡಿಸುತ್ತೆ ಅಂತ ಯಾವತ್ತಾದ್ರೂ ಅಳೆದಿದೀರಾ?

ಇನ್ನು ನೀರು. ಕೆರೆ ಕಾಲುವೆ ಕೆಂಪು ನೀರಲ್ಲಿ ಗ್ಲೈಫೋಸೇಟ್ ಕಲಸಿದ್ರೆ ಅದು ಮಣ್ಣಿನ ಕಣಕ್ಕೆ ಅಂಟ್ಕೊಂಡು ಟ್ಯಾಂಕಲ್ಲೇ ಕೆಲಸ ಕಳ್ಕೊಳುತ್ತೆ. ಗಡಸು ನೀರಿನ ಕ್ಯಾಲ್ಸಿಯಂ ಕೂಡ ಅದನ್ನ ಹಿಡ್ಕೊಳುತ್ತೆ. ತಿಳಿ ನೀರು ತಗೊಳ್ಳಿ, ಬೀಸಣಿಗೆ ಥರ ಚಪ್ಪಟೆಯಾಗಿ ಸಿಂಪಡಿಸೋ ಫ್ಲ್ಯಾಟ್ ಫ್ಯಾನ್ ನಾಜಲ್ ಹಾಕಿ, ಕಳೆ 2ರಿಂದ 4 ಎಲೆ ಇರೋವಾಗ್ಲೇ ಹೊಡೀರಿ. ಮೊಣಕಾಲೆತ್ತರ ಬೆಳೆಸ್ಕೊಂಡು ಆಮೇಲೆ ಔಷಧಿ ನಕಲಿ ಅಂತ ಜಗಳ ಆಡೋರನ್ನ ಬೇಕಾದಷ್ಟು ನೋಡಿದೀನಿ.

ಪ್ರಶ್ನೆ: ಹುಲ್ಲಿನ ಔಷಧಿ ಎರಡು ಸಲ ಹೊಡೆದ್ರೂ ಜೇಕು ಹೋಗಿಲ್ಲ. ಇದೂ ರೆಸಿಸ್ಟೆನ್ಸಾ?

ಉತ್ತರ: ಅಲ್ಲ. ಕಾಂಡನ ಎರಡು ಬೆರಳ ಮಧ್ಯ ಇಟ್ಟು ಉರುಳಿಸಿ, ಮೂರು ಮೂಲೆ ಕೈಗೆ ಸಿಗುತ್ತೆ. ಹುಲ್ಲಿನ ಕಾಂಡ ಹಂಗಿರಲ್ಲ. ಜೇಕು ಹುಲ್ಲಿನ ಜಾತಿನೇ ಅಲ್ಲ, ಕ್ವಿಜಾಲೋಫಾಪ್ ಥರದ್ದು ಅದಕ್ಕೆ ಮೊದಲಿಂದ್ಲೂ ಹತ್ತಲ್ಲ. ನಿಮ್ಮ ಬೆಳೆಗೆ ಒಪ್ಪೋ, ಜೇಕಿಗೆ ಅಂತ ಲೇಬಲ್ಲಲ್ಲಿ ಬರೆದಿರೋದೇ ಬೇಕು, ಗಡ್ಡೆ ಇರೋದ್ರಿಂದ ಒಂದೇ ಸಲಕ್ಕೆ ಮುಗಿಯುತ್ತೆ ಅಂತಾನೂ ಅಂದ್ಕೋಬೇಡಿ.

ಪ್ರಶ್ನೆ: ಎರಡು ಔಷಧಿ ಒಟ್ಟಿಗೆ ಬೆರೆಸಿದ್ರೆ ರೆಸಿಸ್ಟೆನ್ಸ್ ಬರಲ್ಲ ಅಂತಾರಲ್ಲ?

ಉತ್ತರ: ನಿಧಾನ ಆಗುತ್ತೆ, ಆದ್ರೆ ಗುಂಪು ಬೇರೆ ಇರ್ಬೇಕು, ಎರಡೂ ಅದೇ ಕಳೆನ ಕೊಲ್ಲೋವು ಆಗಿರ್ಬೇಕು, ಎರಡೂ ಪೂರ್ತಿ ಡೋಸ್ ಇರ್ಬೇಕು. ಒಂದು ಹುಲ್ಲಿಗೆ ಇನ್ನೊಂದು ಅಗಲ ಎಲೆಗೆ ಅಂತ ಬೆರೆಸಿದ್ರೆ ಕೂಲಿ ಉಳಿಯುತ್ತೆ, ರೆಸಿಸ್ಟೆನ್ಸ್ ವಿಷಯದಲ್ಲಿ ಏನೂ ಸಿಗಲ್ಲ. ಅದ್ರಲ್ಲೂ ಅಗಲ ಎಲೆ ಕಳೆಗೆ ಹೊಡೆಯೋ 2,4-ಡಿ ಜೊತೆ 1ನೇ ಗುಂಪಿನ ಹುಲ್ಲಿನ ಔಷಧಿ ಸೇರಿಸಿದ್ರೆ ಹುಲ್ಲು ಸಾಯೋದು ಕಮ್ಮಿ ಆಗ್ಬಹುದು. ಬೆರೆಸ್ಬಹುದು ಅಂತ ಲೇಬಲ್ ಹೇಳಿದ್ರೆ ಮಾತ್ರ ಬೆರೆಸಿ.

2,4-ಡಿ ಹೆಸರು ಬಂತಲ್ಲ, ಅದನ್ನ ಹೊಡೆದ ಪಂಪಲ್ಲೇ ಹತ್ತಿಗೆ ಕೀಟದ ಔಷಧಿ ಹೊಡೀಬೇಡಿ. ತೊಳೆದಿದೀವಿ ಅಂದ್ರೂ ಪೈಪಲ್ಲಿ ಉಳಿದ ಚೂರು ಸಾಕು, ಹೊಸ ಎಲೆಗಳು ಕಪ್ಪೆ ಪಾದದ ಥರ ಬೆರಳು ಬೆರಳಾಗಿ ಸುರುಟ್ಕೊಂಡು ಬರುತ್ತೆ. ಕಳೆ ಔಷಧಿಗೇ ಅಂತ ಒಂದು ಪಂಪ್ ಬೇರೆ ಇಟ್ಬಿಡಿ, ಮೇಲೆ ಪೇಂಟಲ್ಲಿ ದೊಡ್ಡದಾಗಿ ಬರೆದು.