ಮನೆ ಮುಂದಿನ ಡಾಂಬರು ದಾರಿಗೆ ಸೀಲ್ ಕೋಟ್ ಬಳಿಸಿದರೆ ಸಾಕೇ?

ಗೇಟಿನಿಂದ ಕಾರ್ ಶೆಡ್ಡಿನವರೆಗೆ ನಾಲ್ಕು ವರ್ಷಗಳ ಹಿಂದೆ ಹಾಕಿಸಿದ ಡಾಂಬರು ಬೂದು ಬಣ್ಣಕ್ಕೆ ತಿರುಗಿ ಅಲ್ಲಲ್ಲಿ ಬಿರುಕು ಬಿಟ್ಟಿದೆ, ಮೇಲೆ ಸೀಲ್ ಕೋಟ್ (ನೀರು ಇಳಿಯದಂತೆ ಡಾಂಬರಿನ ಮೇಲೆ ಬಳಿಯುವ ತೆಳು ಕಪ್ಪು ಪದರ) ಬಳಿಸಿದರೆ ಸಾಕೇ ಎಂದು ಕೇಳಿದ್ದೀರಿ. ತುಮಕೂರಿನ ಕ್ಯಾತ್ಸಂದ್ರದ ಬಳಿ ನಮ್ಮ ಮನೆಯ ಮುಂದೆಯೂ ಅಂಥದ್ದೇ ದಾರಿಯಿದೆ. ಬಿರುಕುಗಳನ್ನು ಮುಚ್ಚಿಸದೆ ಸೀಲ್ ಕೋಟ್ ಬಳಿಸಬೇಡಿ ಎಂಬುದೇ ನನ್ನ ಉತ್ತರ.

ಬಿಸಿಲು, ಗಾಳಿಗೆ ಬಿಟುಮೆನ್ (ಜಲ್ಲಿಯನ್ನು ಹಿಡಿದಿಡುವ ಕಪ್ಪು ಅಂಟು) ಗಡುಸಾಗುವುದರಿಂದ ಬಣ್ಣ ಮಾಸುತ್ತದೆ. ಅದಷ್ಟೇ ಆಗಿದ್ದರೆ ಅವಸರವಿಲ್ಲ. ದಾರಿಯನ್ನು ನಿಜವಾಗಿ ಕೆಡಿಸುವುದು ನೀರು. ಮಳೆ ನಿಂತು ಗಂಟೆ ಕಳೆದ ಮೇಲೆ ಹೊರಗೆ ಬಂದು ನೋಡಿ: ಉಳಿದ ಜಾಗವೆಲ್ಲ ಒಣಗಿದ್ದರೂ ಬಿರುಕುಗಳ ಅಂಚು ಮಾತ್ರ ಕಪ್ಪು ಗೆರೆ ಎಳೆದಂತೆ ಒದ್ದೆಯಾಗಿಯೇ ಇರುತ್ತದೆ. ಅಲ್ಲಿಂದ ಇಳಿದ ನೀರು ಕೆಳಗಿನ ಜಲ್ಲಿಯನ್ನೂ ಕೆಮ್ಮಣ್ಣನ್ನೂ ಸಡಿಲ ಮಾಡುತ್ತದೆ, ಆಮೇಲೆ ಚಕ್ರದ ಭಾರಕ್ಕೆ ಮೇಲ್ಪದರ ಕುಸಿಯುತ್ತದೆ. ಬಿರುಕುಗಳು ಮೊಸಳೆಯ ಚರ್ಮದಂತೆ ಹೆಣೆದುಕೊಂಡಿದ್ದರೆ ತಳವೇ ಹಾಳಾಗಿದೆಯೆಂದು ತಿಳಿದು, ಅಷ್ಟು ಭಾಗವನ್ನು ಕಿತ್ತು, ಜಲ್ಲಿ ಹಾಕಿ ದಮ್ಮಸು ಮಾಡಿಸಿ ಹೊಸದಾಗಿ ಡಾಂಬರು ಹಾಕಿಸಲೇಬೇಕು.

ಒಂಟಿ ಬಿರುಕುಗಳಾದರೆ ಒಳಗೆ ಬೆಳೆದ ಗರಿಕೆಯನ್ನು ಬೇರುಸಹಿತ ಕಿತ್ತು, ತಂತಿ ಬ್ರಷ್‌ನಿಂದ ಮಣ್ಣು ತೆಗೆದು, ಸುಮಾರು 6 ಮಿ.ಮೀ.ಗಿಂತ ಅಗಲವಾದವಕ್ಕೆ ರಬ್ಬರ್ ಬೆರೆತ ಕ್ರ್ಯಾಕ್ ಫಿಲ್ಲರ್ ತುಂಬಿಸಿ. ಕೂದಲೆಳೆಯಂಥವನ್ನು ಸೀಲ್ ಕೋಟೇ ಮುಚ್ಚುತ್ತದೆ. ಎಂಜಿನ್ ಆಯಿಲ್ ಸೋರಿದ ಜಾಗವನ್ನು ಸೋಪಿನ ಪುಡಿ ಹಾಕಿ ಚೆನ್ನಾಗಿ ಉಜ್ಜಿಸಿ, ಏಕೆಂದರೆ ಎಣ್ಣೆಯ ಮೇಲೆ ಸೀಲ್ ಕೋಟ್ ಹಿಡಿಯುವುದಿಲ್ಲ.

ನಮ್ಮ ಕಡೆ ಈ ಕೆಲಸಕ್ಕೆ ಫೆಬ್ರವರಿ, ಮಾರ್ಚ್ ಒಳ್ಳೆಯ ಕಾಲ; ಏಪ್ರಿಲ್ ಬಂತೆಂದರೆ ಸಂಜೆಯ ಗುಡುಗು ಮಳೆಯ ಭಯ. ನೀರಿನಲ್ಲಿ ಬೆರೆಸಿದ ಬಿಟುಮೆನ್, ಅಂದರೆ ಬಿಟುಮೆನ್ ಎಮಲ್ಷನ್‌ನ ಸೀಲ್ ಕೋಟನ್ನು ಕಾಯಿಸಬೇಕಿಲ್ಲ. ಬಳಿದಾಗ ಸ್ಟ್ರಾಂಗ್ ಕಾಫಿಯಂತೆ ಕಂದಾಗಿದ್ದು, ನೀರಿನಂಶ ಆರಿದಂತೆಲ್ಲ ಕಪ್ಪಾಗುತ್ತದೆ. ಪೂರ್ತಿ ಕಪ್ಪಾಗಿ ಒಣಗಿದ ಮೇಲಷ್ಟೇ ಎರಡನೆಯ ಪದರ ಬಳಿಸಿ, ಎರಡೂ ತೆಳುವಾಗಿರಲಿ. ಮೊದಲ ಸಲ ನಮ್ಮಲ್ಲಿ ಕೆಲಸಕ್ಕೆ ಬಂದವರು ಧೂಳು ಗುಡಿಸದೆ ಒಂದೇ ದಪ್ಪ ಪದರ ಬಳಿದು ಹೋದರು; ಮರುಬೇಸಿಗೆಯಲ್ಲಿ ಅದು ಟೈರಿಗೆ ಅಂಟಿಕೊಂಡು ಹಾಳೆಹಾಳೆಯಾಗಿ ಎದ್ದುಬಂದಾಗ ಬಹಳ ಸಂಕಟವಾಯಿತು. ಬಳಿಸಿದ ಮೇಲೆ ಎರಡು ದಿನ ವಾಹನ ಬಿಡಬೇಡಿ. ಮುಂದೆ ಮೂರು-ನಾಲ್ಕು ವರ್ಷಕ್ಕೊಮ್ಮೆ ಮಾಡಿಸಿದರೆ ಸಾಕು, ಪ್ರತಿವರ್ಷ ಬಳಿಸಿದರೆ ಪದರ ದಪ್ಪವಾಗಿ ತಾನೇ ಸಿಪ್ಪೆಯೇಳುತ್ತದೆ.

ಇಷ್ಟಕ್ಕೂ ಮೊದಲು ಒಂದು ಬಕೆಟ್ ನೀರು ಸುರಿದು ನೋಡಿ. ಅದು ಚರಂಡಿಯ ಕಡೆ ಹರಿಯದೆ ನಡುವೆ ನಿಂತರೆ, ಮೀಟರಿಗೆ ಸುಮಾರು 2 ಸೆಂ.ಮೀ. ಇಳಿಜಾರು ಬರುವಂತೆ ಆ ತಗ್ಗನ್ನು ಮೊದಲು ಸರಿಪಡಿಸಿಕೊಳ್ಳಿ.